ಕಟ್ಟಿಸಿದವರು, ಕಟ್ಟಿದವರು

ಕನ್ನಡದಲ್ಲಿ 'ಇಸು' ಎಂಬ ಪುಟ್ಟ ಪ್ರತ್ಯಯವೊಂದಿದೆ. ಮಾಡು ಎಂಬುದು ಮಾಡಿಸು ಆಗುತ್ತದೆ, ಬರೆ ಎಂಬುದು ಬರೆಯಿಸು, ಕಟ್ಟು ಎಂಬುದು ಕಟ್ಟಿಸು. ಶಾಲೆಯಲ್ಲಿ ಇದನ್ನು ಪ್ರೇರಣಾರ್ಥಕ ಎಂದು ಹೇಳಿಕೊಟ್ಟು ಮುಂದಿನ ಪಾಠಕ್ಕೆ ಹೋಗುತ್ತಾರೆ. ನಾನೂ ಹಾಗೇ ಮುಂದೆ ಹೋದವಳು. ಆದರೆ ಹಳೆ ಮೈಸೂರು ಭಾಗದ ಕೆರೆಗಳ ಬಗ್ಗೆ ಪಿಎಚ್‌ಡಿ ಮಾಡಲು ಕುಳಿತ ಮೇಲೆ ಈ ಪ್ರತ್ಯಯ ನನ್ನ ಬೆನ್ನು ಬಿಟ್ಟಿಲ್ಲ. ಶಾಸನದಲ್ಲಿ ಅರಸ ಕೆರೆ ಕಟ್ಟಿಸುತ್ತಾನೆ. ಹಾಡಿನಲ್ಲಿ ಗೌಡ ಕೆರೆ ಕಟ್ಟಿಸುತ್ತಾನೆ. ಊರ ಪುರಾಣದಲ್ಲಿ ರಾಣಿಯೋ ವೇಶ್ಯೆಯೋ ಕೆರೆ ಕಟ್ಟಿಸುತ್ತಾಳೆ. ಮಣ್ಣು ಅಗೆದವರು, ಹೊತ್ತವರು, ಏರಿಯ ಮೇಲೆ ಕಲ್ಲು ಕೂರಿಸಿದವರು ಎಲ್ಲರೂ ಆ ಎರಡಕ್ಷರದೊಳಗೆ ಕಾಣದಂತೆ ಕುಳಿತಿದ್ದಾರೆ.

ಇದು ಬರೀ ವ್ಯಾಕರಣದ ಮಾತಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ದಕ್ಷಿಣ ಭಾರತದ ಕೆರೆಗಳ ಮೇಲೆ ನಡೆದ ಸಂಶೋಧನೆಯ ದೊಡ್ಡ ಜಗಳವೇ ಈ ಎರಡಕ್ಷರದ ಸುತ್ತ ಇದೆ ಎಂದು ಈಗ ನನಗೆ ಅನ್ನಿಸುತ್ತದೆ. ಪರಿಸರ, ಸಮಾಜ, ರಾಜಕಾರಣ ಈ ಮೂರನ್ನೂ ಒಟ್ಟಿಗೆ ಓದಬೇಕು ಎಂದು ಈಗ ಎಲ್ಲ ಸೆಮಿನಾರುಗಳಲ್ಲೂ ಹೇಳುತ್ತಾರೆ. ಒಟ್ಟಿಗೆ ಓದಿದಾಗ ಏನಾಗುತ್ತದೆ, ಓದುವವರ ಮನೆಯೊಳಗೇ ಆ ಕೆರೆ ಇದ್ದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯಲು ನೋಡುತ್ತೇನೆ.

ಮೊದಲು ಎರಡು ಹಳೆಯ ದಾಖಲೆಗಳು. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಅಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಯಾವುವು, ಆರು ದೋಷಗಳು ಯಾವುವು ಎಂದು ಆ ಶಾಸನ ಪಟ್ಟಿ ಮಾಡುತ್ತದೆ. ನಮ್ಮ ಹಿರಿಯರ ಜಲವಿಜ್ಞಾನಕ್ಕೆ ಸಾಕ್ಷಿ ಬೇಕಾದಾಗಲೆಲ್ಲ ಇದನ್ನು ಉದಾಹರಿಸುತ್ತಾರೆ, ಅದು ಸರಿಯೂ ಹೌದು. ಅದೇ ಶಾಸನದಲ್ಲಿ ಇನ್ನೊಂದು ಲೆಕ್ಕವೂ ಇದೆ: ಎರಡು ವರ್ಷ ಕಾಲ ದಿನಕ್ಕೆ 1,000 ಕೂಲಿಯಾಳುಗಳು ದುಡಿದರು, ಕಲ್ಲು ಸಾಗಿಸಲು 100 ಗಾಡಿಗಳಿದ್ದವು. ಶಾಸನ ಕೂಲಿಯಾಳುಗಳನ್ನು ಎಣಿಸಿತು ಎಂಬುದೇ ದೊಡ್ಡದು. ಹೆಸರಿನ ವಿಷಯಕ್ಕೆ ಬಂದರೆ ದಾನಿಗೆ ವಂಶಾವಳಿ ಇದೆ, ಸಾವಿರ ಜನರಿಗೆ ಒಂದು ಅಂಕಿ ಇದೆ.

ಎರಡನೆಯದು, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟದ್ದು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದನ್ನು ಅವನು ಕಣ್ಣಾರೆ ಕಂಡ. 15ರಿಂದ 20 ಸಾವಿರ ಜನ ಅಲ್ಲಿ ಕೆಲಸ ಮಾಡುತ್ತಿದ್ದರು ಎಂದು ಅವನ ಅಂದಾಜು. ಕೆರೆ ಎರಡು ಮೂರು ಸಲ ಒಡೆಯಿತು. ಕಾರಣ ಕೇಳಿದಾಗ ದೇವರಿಗೆ ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಎಂದು ಬ್ರಾಹ್ಮಣರು ಹೇಳಿದರಂತೆ. ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳನ್ನು ಕರೆಸಿ ಅಲ್ಲೇ ತಲೆ ತೆಗೆಸಲಾಯಿತು, ಆಮೇಲೆ ಕೆಲಸ ಮುಂದುವರಿಯಿತು ಎಂದು ಪಾಯಸ್ ಬರೆಯುತ್ತಾನೆ. ಹೊರಗಿನವನ ಮಾತು, ಕೇಳಿದ್ದನ್ನೂ ಕಂಡದ್ದನ್ನೂ ಬೆರೆಸಿರಬಹುದು. ಆದರೂ ಕೆರೆ ಎಂದರೆ ತಂಪು, ಪುಣ್ಯ, ಊರೊಟ್ಟಿನ ಸಹಕಾರ ಎಂಬ ನಮ್ಮ ಚಿತ್ರದ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ಆ ತಂಪಾದ ಚಿತ್ರ ಎಲ್ಲಿಂದ ಬಂತು? ಇದಕ್ಕೆ ಒಂದು ಇತಿಹಾಸವಿದೆ. 1980ರ, 90ರ ದಶಕಗಳಲ್ಲಿ ದೊಡ್ಡ ಅಣೆಕಟ್ಟುಗಳ ವಿರುದ್ಧ ಚಳವಳಿಗಳು ನಡೆಯುತ್ತಿದ್ದಾಗ, ಅಣೆಕಟ್ಟು ಬೇಡ ಎನ್ನುವವರಿಗೆ 'ಹಾಗಾದರೆ ಇನ್ನೇನು ಮಾಡೋಣ' ಎಂಬ ಪ್ರಶ್ನೆ ಎದುರಾಗುತ್ತಿತ್ತು. ಅನುಪಮ ಮಿಶ್ರ ಅವರು 1993ರಲ್ಲಿ ಹಿಂದಿಯಲ್ಲಿ ಕೆರೆಗಳ ಬಗ್ಗೆ ಬರೆದ ಪುಸ್ತಕ, ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಸಂಪಾದಿಸಿ 1997ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದಿಂದ ಹೊರತಂದ 'ಡೈಯಿಂಗ್ ವಿಸ್ಡಂ' ಇವೆರಡೂ ಆ ಪ್ರಶ್ನೆಗೆ ಉತ್ತರ ಕೊಟ್ಟವು. ನಮ್ಮಲ್ಲಿ ಊರೂರಿಗೆ ಕೆರೆ ಇತ್ತು, ಊರವರೇ ಅದನ್ನು ನೋಡಿಕೊಳ್ಳುತ್ತಿದ್ದರು, ವಸಾಹತುಶಾಹಿ ಬಂದು ಅದನ್ನು ಇಲಾಖೆಯ ಕೈಗೆ ಕೊಟ್ಟಿತು, ಅಲ್ಲಿಂದ ಹಾಳಾಯಿತು ಎಂಬುದು ಈ ವಾದದ ಸಾರ. ಇನ್ನೊಂದು ಕಡೆ ಅಮೆರಿಕದ ಎಲಿನಾರ್ ಆಸ್ಟ್ರಂ 1990ರಲ್ಲಿ 'ಗವರ್ನಿಂಗ್ ದಿ ಕಾಮನ್ಸ್' ಬರೆದು, ಸರ್ಕಾರವಾಗಲಿ ಮಾರುಕಟ್ಟೆಯಾಗಲಿ ಇಲ್ಲದೆಯೂ ಜನ ತಮ್ಮ ತಮ್ಮಲ್ಲೇ ನಿಯಮ ಮಾಡಿಕೊಂಡು ನೀರು, ಹುಲ್ಲುಗಾವಲು, ಕಾಡುಗಳನ್ನು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದ್ದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಎರಡು ಧಾರೆಗಳೂ ಸೇರಿ 'ಸಮುದಾಯ' ಎಂಬ ಪದಕ್ಕೆ ದೊಡ್ಡ ಗೌರವ ಬಂತು. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕದಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಶುರುವಾಯಿತು, ಅದಕ್ಕಾಗಿಯೇ ಜಲ ಸಂವರ್ಧನೆ ಯೋಜನಾ ಸಂಘ ಹುಟ್ಟಿತು, ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಬರೆದಾಗ ನಾನೂ ಇದೇ ಧಾರೆಯಲ್ಲಿ ಈಜುತ್ತಿದ್ದೆ. ಕೆರೆ ನಿರ್ವಹಣೆಯ ದೇಸಿ ವ್ಯವಸ್ಥೆಗೆ ಉದಾಹರಣೆಯಾಗಿ ನೀರುಗಂಟಿಯನ್ನು ಆರಿಸಿಕೊಂಡಿದ್ದೆ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು, ಕಾಲುವೆ ಕಾಯುವುದು, ಮಳೆಗಾಲದಲ್ಲಿ ಏರಿಯ ಮೇಲೆ ರಾತ್ರಿ ಕಾವಲಿರುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ ಅವನ ಆಯ. ನೀರುಗಂಟಿಗೆ ಸಾಮಾನ್ಯವಾಗಿ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರುತ್ತಿರಲಿಲ್ಲ, ಆದ್ದರಿಂದ ಅವನು ಪಕ್ಷಪಾತ ಮಾಡುತ್ತಿರಲಿಲ್ಲ, ಇದು ನಮ್ಮ ಹಿರಿಯರ ಜಾಣ್ಮೆ ಎಂದೆಲ್ಲ ಬರೆದಿದ್ದೆ. ನನ್ನ ಮಾರ್ಗದರ್ಶಕರಿಗೆ ಅಧ್ಯಾಯ ಹಿಡಿಸಿತ್ತು.

ಆ ಅಧ್ಯಾಯಕ್ಕೆ ಬೇಕಾದ ಮಾಹಿತಿಯಲ್ಲಿ ಅರ್ಧ ನನ್ನ ಮನೆಯಿಂದಲೇ ಬಂದದ್ದು. ಕೋಲಾರದ ಕಡೆಯ ನಮ್ಮೂರಿನಲ್ಲಿ ನಮ್ಮ ತಾತ ನೀರುಗಂಟಿಯಾಗಿದ್ದರು. ನಾವು ಕೇರಿಯವರು. ಯುಗಾದಿ ರಜೆಗೆ ಊರಿಗೆ ಹೋದಾಗ ಆ ಅಧ್ಯಾಯದ ಭಾಗವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿದರು. ತಾತನ ಹೆಸರು ಪುಸ್ತಕದಲ್ಲಿ ಬರುತ್ತಾ ಎಂದು ಕೇಳಿ ಖುಷಿಯನ್ನೂ ಪಟ್ಟರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದರು: "ಎಲ್ಲ ಸರಿಯಮ್ಮಾ. ಆಯ ಈಸ್ಕೊಳ್ಳೋಕೆ ಹೋದಾಗ ತಾತ ಕಣದಿಂದ ಎಷ್ಟು ದೂರ ನಿಂತ್ಕೊಂತಿದ್ರು ಅನ್ನೋದು ಬರ್ದಿಲ್ವಲ್ಲ?"

ನಾನು ಬರೆದಿರಲಿಲ್ಲ. ನನಗೆ ಗೊತ್ತಿಲ್ಲದೆ ಇರಲಿಲ್ಲ. ಕೆರೆಯ ತೂಬಿನ ಕೀಲಿ ತಾತನ ಕೈಯಲ್ಲಿತ್ತು, ಊರೊಳಗಿನ ಬಾವಿಯ ಹಗ್ಗ ಅವರು ಮುಟ್ಟುವಂತಿರಲಿಲ್ಲ ಎಂಬ ಮಾತು ನಮ್ಮ ಮನೆಯಲ್ಲಿ ಹತ್ತು ಸಲ ಬಂದಿದೆ. ಆದರೆ ಅದು ನನ್ನ ತಲೆಯೊಳಗೆ 'ಜಾತಿ' ಎಂಬ ಕಡತದಲ್ಲಿತ್ತು, ನೀರುಗಂಟಿ 'ಪರಿಸರ' ಎಂಬ ಕಡತದಲ್ಲಿದ್ದ. ಎರಡು ಕಡತಗಳಲ್ಲೂ ಇದ್ದದ್ದು ಒಬ್ಬರೇ ಮನುಷ್ಯ ಎಂಬುದು ಅಪ್ಪ ಕೇಳುವವರೆಗೆ ನನಗೆ ಹೊಳೆದಿರಲಿಲ್ಲ. ಗದ್ದೆ ಇಲ್ಲದ್ದರಿಂದ ನಿಷ್ಪಕ್ಷಪಾತಿ ಎಂದು ನಾನು ಹೊಗಳಿದ್ದೆನಲ್ಲ, ಗದ್ದೆ ಏಕೆ ಇರಲಿಲ್ಲ ಎಂದು ಕೇಳಿರಲಿಲ್ಲ.

'ಸಮುದಾಯ' ಎಂಬ ಪದದ ತೊಂದರೆ ಇಲ್ಲಿದೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಆ ಪದವೇ ಇಲ್ಲ. ಅಲ್ಲಿರುವುದು ಊರು ಮತ್ತು ಕೇರಿ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕತೆಗೆ 'ಊರು ಕೇರಿ' ಎಂದು ಹೆಸರಿಟ್ಟಾಗ ಎರಡು ಪದಗಳ ನಡುವೆ ಇರುವ ಆ ಸಣ್ಣ ಜಾಗದಲ್ಲೇ ಒಂದು ಸಮಾಜಶಾಸ್ತ್ರವಿತ್ತು. ಇಂಗ್ಲಿಷಿನ ಸಂಶೋಧನೆ ಊರು, ಕೇರಿ ಎರಡನ್ನೂ ಸೇರಿಸಿ ಒಂದು ಪದ ಮಾಡಿತು, ನಾವು ಅದನ್ನು ಸಮುದಾಯ ಎಂದು ಅನುವಾದಿಸಿಕೊಂಡೆವು. 'ಸಮುದಾಯ ಕೆರೆಯನ್ನು ನಿರ್ವಹಿಸುತ್ತಿತ್ತು' ಎಂಬ ವಾಕ್ಯ ವ್ಯಾಕರಣದ ಪ್ರಕಾರ ಸರಿ. ಆದರೆ ನಿಜವಾಗಿ ನಡೆಯುತ್ತಿದ್ದದ್ದು ಊರು ನಿರ್ವಹಿಸುವುದಲ್ಲ, ಊರು ಕೇರಿಯಿಂದ ನಿರ್ವಹಿಸಿಸುವುದು. ಮತ್ತೆ ಅದೇ 'ಇಸು'.

ನನ್ನ ಗೊಂದಲದ ದಿನಗಳಲ್ಲಿ ಕೈಗೆ ಸಿಕ್ಕಿದ್ದು ಡೇವಿಡ್ ಮೋಸ್ ಎಂಬ ಮಾನವಶಾಸ್ತ್ರಜ್ಞರ 'ದಿ ರೂಲ್ ಆಫ್ ವಾಟರ್'. 2003ರ ಪುಸ್ತಕ. ತಮಿಳುನಾಡಿನ ರಾಮನಾಥಪುರ, ಶಿವಗಂಗೆ ಸೀಮೆಯ ಕೆರೆಗಳ ಅಧ್ಯಯನ. ಕೆರೆ ಎಂದರೆ ನೀರಿನ ಜೊತೆಗೆ ಮಾನ, ಮರ್ಯಾದೆ, ಯಜಮಾನಿಕೆಗಳ ಹಂಚಿಕೆಯೂ ಹೌದು ಎಂದು ಅವರು ತೋರಿಸುತ್ತಾರೆ. ಗುಡಿಯಲ್ಲಿ ಮೊದಲ ಪ್ರಸಾದ ಯಾರಿಗೆ ಎಂಬ ಪ್ರಶ್ನೆಗೂ ಕೆರೆಯ ಒಡೆತನಕ್ಕೂ ಸಂಬಂಧವಿತ್ತು. ವಸಾಹತುಪೂರ್ವ ಕಾಲದಲ್ಲಿ ಊರುಗಳು ತಮ್ಮ ಪಾಡಿಗೆ ತಾವು ಕೆರೆ ನೋಡಿಕೊಳ್ಳುತ್ತಿದ್ದವು ಎಂಬ ಕಥನವನ್ನೂ ಅವರು ಒಪ್ಪುವುದಿಲ್ಲ. ಕೆರೆಗಳ ಹಿಂದೆ ಯಾವಾಗಲೂ ಪಾಳೆಯಗಾರರ, ಅರಸರ ರಾಜಕಾರಣವಿತ್ತು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಷಯ. ಹಲವು ಊರುಗಳಲ್ಲಿ ಹಳೆಯ ನೀರು ಹಂಚಿಕೆಯ ಕಟ್ಟುಪಾಡು ಸಡಿಲವಾದದ್ದಕ್ಕೆ ದಲಿತರು ಊರ ಚಾಕರಿಯನ್ನು ಒಲ್ಲೆ ಎಂದದ್ದೂ ಒಂದು ಕಾರಣ. ತಮಟೆ ಬಡಿಯುವುದು, ಹೆಣದ ಸುದ್ದಿ ಮುಟ್ಟಿಸುವುದು, ಕೆರೆಯ ನೀರು ಕಾಯುವುದು ಇವೆಲ್ಲ ಒಂದೇ ಚಾಕರಿಯ ಭಾಗಗಳಾಗಿದ್ದವು. ಮಾನ ಬೇಕೆಂದವರು ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವುದು ಸುಲಭವಿರಲಿಲ್ಲ.

ಇದನ್ನು ಓದಿದ ರಾತ್ರಿ ನನ್ನ ಅಧ್ಯಾಯದ ಕೋಷ್ಟಕವೊಂದನ್ನು ತೆಗೆದು ನೋಡಿದೆ. ನಾನು ಸುತ್ತಿದ ಹಳ್ಳಿಗಳಲ್ಲಿ ನೀರುಗಂಟಿ ಪದ್ಧತಿ ಯಾವಾಗ ನಿಂತಿತು ಎಂಬುದನ್ನು ಪಟ್ಟಿ ಮಾಡಿ, ಮೇಲೆ 'ಸಾಂಪ್ರದಾಯಿಕ ಸಂಸ್ಥೆಯ ಕುಸಿತ' ಎಂದು ತಲೆಬರಹ ಕೊಟ್ಟಿದ್ದೆ. ಆ ಪಟ್ಟಿಯಲ್ಲಿ ನಮ್ಮೂರೂ ಇತ್ತು. ನಮ್ಮೂರಲ್ಲಿ ಪದ್ಧತಿ ನಿಂತದ್ದು ಏಕೆಂದರೆ ತಾತನ ನಂತರ ಅಪ್ಪ ತೂಬಿನ ಕೆಲಸ ಹಿಡಿಯಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ ಕಾನೂನು 1961ರಲ್ಲೇ ಬಂದಿತ್ತು, 1963ರಲ್ಲಿ ಜಾರಿಯೂ ಆಗಿತ್ತು. ಕಾನೂನು ಬಂದರೂ ಊರು ಬಿಟ್ಟಿರಲಿಲ್ಲ, ತಾತ ಬಿಡಿಸಿಕೊಂಡಿರಲಿಲ್ಲ. ಅಪ್ಪ ಗಾರೆ ಕೆಲಸ ಕಲಿತು ಬೆಂಗಳೂರಿಗೆ ಹೊರಟರು. ನಾನು ಓದಿದ್ದು ಆ ಗಾರೆ ಕೆಲಸದ ದುಡ್ಡಿನಲ್ಲಿ. ಅಪ್ಪ ಬಿಡುಗಡೆ ಹೊಂದಿದ ವರ್ಷವನ್ನು ಮಗಳು ತನ್ನ ಪ್ರಬಂಧದಲ್ಲಿ 'ಕುಸಿತ' ಎಂದು ದಾಖಲಿಸಿದ್ದಳು.

ನಾನು ಸುಳ್ಳು ಬರೆದಿರಲಿಲ್ಲ ಎಂಬುದೇ ಇಲ್ಲಿನ ಕಷ್ಟ. ಅಪ್ಪ ಹೋದ ಮೇಲೆ ಕೆರೆಯ ಕಾಲುವೆಗಳು ಹಾಳಾದದ್ದು ನಿಜ. ಒಂದೇ ಘಟನೆ ಕೆರೆಯ ಕಡೆಯಿಂದ ಕುಸಿತ, ಕೇರಿಯ ಕಡೆಯಿಂದ ಬಿಡುಗಡೆ. ಪರಿಸರದ ಸಂಶೋಧನೆ ಕೆರೆಯ ದಂಡೆಯ ಮೇಲೆ ಎಲ್ಲಿ ನಿಂತು ನೋಡುತ್ತಿದೆ ಎಂಬುದರ ಮೇಲೆ ಅದಕ್ಕೆ ಕಾಣುವುದು ನಿರ್ಧಾರವಾಗುತ್ತದೆ.

ಕನ್ನಡದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು ಈಷಾ ಶಾ ಅವರ ಕೆಲಸ. 2003ರಲ್ಲಿ ಬಂದ ಅವರ 'ಸೋಷಿಯಲ್ ಡಿಸೈನ್ಸ್' ಕರ್ನಾಟಕದ ಕೆರೆ ನೀರಾವರಿಯ ಮೇಲಿನ ಪುಸ್ತಕ. ಏರಿ, ತೂಬು, ಕೋಡಿ ಇವೆಲ್ಲ ಬರೀ ಎಂಜಿನಿಯರಿಂಗ್ ಅಲ್ಲ, ಯಾರು ಯಾರಿಗಾಗಿ ದುಡಿಯಬೇಕು ಎಂಬ ಸಂಬಂಧಗಳೂ ಅವುಗಳ ವಿನ್ಯಾಸದಲ್ಲೇ ಸೇರಿಕೊಂಡಿವೆ ಎಂಬುದು ಅದರ ವಾದ. 2008ರಲ್ಲಿ ಬರೆದ 'ಟೆಲ್ಲಿಂಗ್ ಅದರ್‌ವೈಸ್' ಎಂಬ ಲೇಖನದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮ ಜನಪದ ಹಾಡು, ಕತೆಗಳನ್ನು ಕೆರೆ ತಂತ್ರಜ್ಞಾನದ ಇತಿಹಾಸಕ್ಕೆ ಆಕರವಾಗಿ ಬಳಸುತ್ತಾರೆ. ಹೆಣ್ಣನ್ನು ಬಲಿ ಕೊಡುವ ಕತೆಗಳು, ಮಣ್ಣು ಕೆಲಸದ ಒಡ್ಡರ ಕತೆಗಳು ಹೇಳುವ ಕೆರೆ, ಅಭಿವೃದ್ಧಿ ವರದಿಗಳ ಸಾಮರಸ್ಯದ ಕೆರೆಯಲ್ಲ, ಬಲಾತ್ಕಾರ ಮತ್ತು ಭಯದ ಕೆರೆ ಎಂದು ಅವರು ತೋರಿಸುತ್ತಾರೆ.

ಕನ್ನಡ ವಿಭಾಗದವರಾದ ನಾವು 'ಕೆರೆಗೆ ಹಾರ'ವನ್ನು ತರಗತಿಯಲ್ಲಿ ಹೇಗೆ ಓದಿದೆವು ಎಂದು ನೆನಪಿಸಿಕೊಳ್ಳಿ. ಮಲ್ಲನಗೌಡನ ಕೆರೆಗೆ ನೀರು ಬರುವುದಿಲ್ಲ, ಶಾಸ್ತ್ರ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಎಂದು ಬರುತ್ತದೆ, ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬೀಳುತ್ತದೆ. ಅವಳು ತವರಿಗೆ ಹೋಗುತ್ತಾಳೆ, ಯಾರಿಗೂ ಬಾಯಿಬಿಡದ ಮಾತನ್ನು ಗೆಳತಿಗೆ ಮಾತ್ರ ಹೇಳುತ್ತಾಳೆ, ಮರಳಿ ಬಂದು ಮನೆಗೆಲಸ ಮುಗಿಸಿ ಕೆರೆಗಿಳಿಯುತ್ತಾಳೆ. ದಂಡಿಗೆ ಹೋಗಿದ್ದ ಗಂಡ ಕೆಟ್ಟ ಕನಸು ಕಂಡು ಓಡಿ ಬಂದು ತಾನೂ ಕೆರೆಗೆ ಹಾರುತ್ತಾನೆ. ತ್ಯಾಗ, ದಾಂಪತ್ಯ, ಹೆಣ್ಣಿನ ಅಸಹಾಯಕತೆ ಈ ಮೂರು ತಲೆಬರಹಗಳಲ್ಲಿ ನಮ್ಮ ಪರೀಕ್ಷೆಯ ಉತ್ತರ ಮುಗಿಯುತ್ತಿತ್ತು. ಕೆರೆ ಅಲ್ಲಿ ಹಿನ್ನೆಲೆ ಮಾತ್ರ. ಇದು ಕೆರೆಯ ಕುರಿತೂ ಇರುವ ಹಾಡು, ನೀರು ನಿಲ್ಲದ ಒಂದು ತಂತ್ರಜ್ಞಾನದ ಆತಂಕದ ಹಾಡು ಎಂದು ನೋಡಲು ಕಲಿಸಿದ್ದಕ್ಕೆ ಈಷಾ ಶಾ ಅವರಿಗೆ ನಾನು ಋಣಿ. ಸಾಹಿತ್ಯ ವಿಮರ್ಶಕರು ಮಾಡಬೇಕಾಗಿದ್ದ ಕೆಲಸವನ್ನು ತಂತ್ರಜ್ಞಾನದ ಇತಿಹಾಸಕಾರರು ಮಾಡಿದ್ದಾರೆ.

ಆದರೆ ನನಗೆ ಎರಡು ತಕರಾರುಗಳಿವೆ.

ಮೊದಲನೆಯದು ಹಾಡಿನ ಸಾಕ್ಷಿಯ ಬಗ್ಗೆ. ನಮ್ಮ ಪಠ್ಯಗಳಲ್ಲಿ ಬಂದಿರುವ 'ಕೆರೆಗೆ ಹಾರ'ದಲ್ಲಿ ಮಣ್ಣು ತೋಡಿದವರು ಒಬ್ಬರೂ ಇಲ್ಲ. ಗೌಡ ಕೆರೆ ಕಟ್ಟಿಸಿದ ಎಂಬಲ್ಲಿಗೆ ಅವರ ಕತೆ ಮುಗಿಯುತ್ತದೆ. ಹಾಡು ಅಳುವುದು ಗೌಡರ ಮನೆಯ ಸೊಸೆಗಾಗಿ. ಆ ಅಳು ಸುಳ್ಳಲ್ಲ. ಒಳಗೆ ಬಂದ ಹೆಣ್ಣು ಆ ಮನೆಯಲ್ಲಿ ಎಷ್ಟು ಹೊರಗಿನವಳು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಹಾಡು ನನಗೆ ಗೊತ್ತಿಲ್ಲ. ಆದರೆ ಜನಪದ ಎಂದ ಮಾತ್ರಕ್ಕೆ ಅದು ಎಲ್ಲರ ದನಿ ಆಗುವುದಿಲ್ಲ. ಶಾಸನ ಯಾರನ್ನು ಬಿಟ್ಟಿತೋ ಅವರನ್ನು ಹಾಡು ಹಿಡಿದಿಟ್ಟಿರುತ್ತದೆ ಎಂಬ ನಮ್ಮ ನಂಬಿಕೆಯನ್ನು ಒಂದೊಂದು ಹಾಡಿನಲ್ಲೂ ಪರೀಕ್ಷಿಸಿ ನೋಡಬೇಕು. ಹಾಡಿನೊಳಗೂ ಊರು ಇದೆ, ಕೇರಿ ಇದೆ.

ಎರಡನೆಯದು, ವಿಮರ್ಶೆ ಇಡೀ ಕೆರೆಯನ್ನೇ ಬಲಾತ್ಕಾರವಾಗಿ ಓದಿ ಮುಗಿಸಿದರೆ ತಾತನಿಗೆ ಏನು ಉಳಿಯುತ್ತದೆ? ಅವರಿಗೆ ಗೊತ್ತಿದ್ದದ್ದು ಗೊತ್ತಿತ್ತು. ಕತ್ತಲಲ್ಲಿ ಕೋಡಿಯ ಸದ್ದು ಕೇಳಿ ಎಷ್ಟು ನೀರು ಹರಿಯುತ್ತಿದೆ ಎಂದು ಹೇಳುತ್ತಿದ್ದರಂತೆ. ಏರಿಯ ಹಿಂಬದಿ ಒದ್ದೆಯಾದರೆ ಎಲ್ಲಿ ಮಣ್ಣು ಹಾಕಬೇಕು ಎಂದು ಕಾಲಲ್ಲಿ ತುಳಿದು ನೋಡಿ ತಿಳಿಯುತ್ತಿದ್ದರಂತೆ. ಅದು ಜ್ಞಾನವಲ್ಲ, ಬರೀ ಚಾಕರಿ ಎಂದರೆ ಅವರನ್ನು ಇನ್ನೊಂದು ಸಲ ಕಣದಾಚೆ ನಿಲ್ಲಿಸಿದಂತಾಗುತ್ತದೆ. ಮುಕುಲ್ ಶರ್ಮ ಅವರ 'ಕಾಸ್ಟ್ ಅಂಡ್ ನೇಚರ್' (2017) ಇಲ್ಲಿ ನನಗೆ ನೆರವಾಯಿತು. ಹಿಂದಿನದನ್ನೆಲ್ಲ ಹೊಗಳುವ ಪರಿಸರವಾದದೊಳಗೆ ಜಾತಿ ಹೇಗೆ ನುಸುಳುತ್ತದೆ ಎಂಬುದನ್ನು ಹೇಳುವುದರ ಜೊತೆಗೆ, ದಲಿತರಿಗೆ ನೆಲ, ನೀರು, ಕಾಡಿನ ಜೊತೆ ತಮ್ಮದೇ ಆದ ನೆನಪು, ಕನಸು, ನಾಯಕರ ಕತೆಗಳಿವೆ ಎಂಬುದನ್ನೂ ಅದು ಹೇಳುತ್ತದೆ. ಪ್ರಕೃತಿಯ ಪ್ರೀತಿ ಮೇಲಿನವರದು, ಪ್ರಕೃತಿಯ ಕಷ್ಟ ಕೆಳಗಿನವರದು ಎಂದು ಪಾಲು ಮಾಡುವುದನ್ನು ಅದು ಒಪ್ಪುವುದಿಲ್ಲ.

ಈ ಮಾತು ಹೊಸದೂ ಅಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದವರು ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಕಾಗದದ ಮೇಲೆ ಆ ಕೆರೆ ಆಗಲೇ ಎಲ್ಲರದಾಗಿತ್ತು. ಮಹಾಡ್ ಪುರಸಭೆ 1924ರಲ್ಲೇ ಹಾಗೆಂದು ಠರಾವು ಮಾಡಿತ್ತು. ಆದರೂ ಅವರು ಕುಡಿದ ಮೇಲೆ ಸವರ್ಣೀಯರು ಕೆರೆಯನ್ನು ಸಗಣಿ, ಗಂಜಲ ಹಾಕಿ ಶುದ್ಧ ಮಾಡಿದರು. ನಾವು ಇದನ್ನು ಸಮಾನತೆಯ ಇತಿಹಾಸದಲ್ಲಿ ಓದುತ್ತೇವೆ, ಪರಿಸರದ ಇತಿಹಾಸದಲ್ಲಿ ಓದುವುದಿಲ್ಲ. ನೀರಿನ ಮಾಲಿನ್ಯ ಎಂದರೆ ಏನು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಬಂದಿದೆ?

ಈ ಪ್ರಶ್ನೆಗಳೆಲ್ಲ ಹಳೆಯ ಕಾಲಕ್ಕೆ ಸೇರಿದ್ದಲ್ಲ. ಬೆಂಗಳೂರಿನ ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಆ ಕೆರೆ ಹೇಗೆ ಕ್ರೀಡಾಂಗಣವಾಯಿತು ಎಂಬುದನ್ನು ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮೊದಲಾದವರು ಹಳೆಯ ನಕ್ಷೆ, ಕಡತಗಳಿಂದ ಬಿಡಿಸಿ ಬರೆದಿದ್ದಾರೆ. ನೀರು ಬೇಕಾಗಿದ್ದ ತೋಟಗಾರರು, ಮಣ್ಣು ಬೇಕಾಗಿದ್ದ ಇಟ್ಟಿಗೆಯವರು, ಜಾಗ ಬೇಕಾಗಿದ್ದ ನಗರ ಇವರ ನಡುವಿನ ತಿಕ್ಕಾಟದಲ್ಲಿ ಕೆರೆ ಸ್ವಲ್ಪ ಸ್ವಲ್ಪವಾಗಿ ಕರಗಿತು. ಈಗ ಉಳಿದಿರುವುದು ಒಂದು ಪುಟ್ಟ ಹೊಂಡ. ಕರಗದ ಹೊತ್ತಿನಲ್ಲಿ ಅದು ನೆನಪಾಗುತ್ತದೆ. ಈಚೆಗೆ ಜೀರ್ಣೋದ್ಧಾರವಾದ ನಗರದ ಕೆರೆಗಳಿಗೂ ಈ ಸಂಶೋಧಕರು ಒಂದು ಪ್ರಶ್ನೆ ಕೇಳುತ್ತಾರೆ: ಬೇಲಿ ಹಾಕಿ, ನಡಿಗೆ ಪಥ ಮಾಡಿ, ಬೆಂಚು ಇಟ್ಟ ಮೇಲೆ ದನ ಮೇಯಿಸುವವರು, ಬಟ್ಟೆ ಒಗೆಯುವವರು, ಸೊಪ್ಪು ಕೀಳುವವರು ಎಲ್ಲಿ ಹೋದರು? ಕೆರೆಯ ಮುಂದಿನ ಫಲಕದಲ್ಲಿ 'ಅಭಿವೃದ್ಧಿಪಡಿಸಲಾಗಿದೆ' ಎಂದಿರುತ್ತದೆ. ಶಾಸನದ 'ಕಟ್ಟಿಸಿದ'ದಲ್ಲಿ ಕೊನೇಪಕ್ಷ ಕಟ್ಟಿಸಿದವನಾದರೂ ಕಾಣುತ್ತಿದ್ದ. 'ಲಾಗಿದೆ'ಯಲ್ಲಿ ಅವನೂ ಇಲ್ಲ.

ನಮ್ಮ ಕೋಲಾರದ ಕತೆ ಬೇರೆ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ಅದು. ಕೆರೆಗಳು ಬತ್ತಿದ ಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದವು. ಒಂದು ದೃಷ್ಟಿಯಿಂದ ಬೋರ್‌ವೆಲ್ ನೀರುಗಂಟಿಯಿಲ್ಲದ ನೀರು. ಯಾರೂ ಯಾರ ಮುಂದೆಯೂ ನಿಲ್ಲಬೇಕಿಲ್ಲ, ಸ್ವಿಚ್ ಒತ್ತಿದರಾಯಿತು. ಕೇರಿಯವರಿಗೆ ಅದರ ಆಕರ್ಷಣೆ ಏನೆಂದು ನನಗೆ ಗೊತ್ತು. ಆದರೆ ಕೊರೆಸಲು ದುಡ್ಡು ಬೇಕು, ಸೋತರೆ ಮತ್ತೆ ಕೊರೆಸಲು ಮತ್ತೆ ದುಡ್ಡು ಬೇಕು. ಆಳಕ್ಕೆ ಹೋಗಬಲ್ಲವನಿಗೆ ನೀರು, ಹೋಗಲಾರದವನ ತೆರೆದ ಬಾವಿ ಮೊದಲು ಬತ್ತುತ್ತದೆ. ಜಾತಿಯ ಕೀಲಿ ಕಳಚಿತು, ದುಡ್ಡಿನ ಕೀಲಿ ಬಿತ್ತು.

2018ರಲ್ಲಿ ಆ ಬತ್ತಿದ ಕೆರೆಗಳಿಗೆ ಮತ್ತೆ ನೀರು ಬಂತು, ಬೆಂಗಳೂರಿನ ಕೊಳಚೆ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಪೈಪಿನಲ್ಲಿ ತಂದು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಸುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಮೂರನೆಯ ಹಂತದ ಸಂಸ್ಕರಣೆ ಬೇಕೇ ಬೇಕು ಎಂದು ಕೋಲಾರದ ಹೋರಾಟಗಾರರು ನ್ಯಾಯಾಲಯದವರೆಗೂ ಹೋದರು. ನೀರಿನ ಗುಣಮಟ್ಟದ ಆ ಚರ್ಚೆ ಮುಖ್ಯವಾದದ್ದು, ಇನ್ನೂ ಮುಗಿಯದ್ದು. ಅದರ ಜೊತೆಗೆ ನನಗೆ ಕಾಡುವ ಇನ್ನೊಂದು ವಿಷಯವಿದೆ. ಈ ನೀರನ್ನು ಕೆರೆಯಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಅದು ಇಂಗಿ ಅಂತರ್ಜಲವಾಗಬೇಕು ಎಂಬುದು ಯೋಜನೆಯ ನಿಯಮ. ಹಾಗಾಗಿ ತೂಬು ಮುಚ್ಚಿಯೇ ಇರುತ್ತದೆ. ಕೆರೆ ತುಂಬಿದೆ, ನೀರುಗಂಟಿಗೆ ಕೆಲಸವಿಲ್ಲ. ಇಂಗಿದ ನೀರು ಸಿಗುವುದು ಬೋರ್‌ವೆಲ್ ಇದ್ದವರಿಗೆ. ತುಂಬಿದ ಕೆರೆ ನೋಡಿ ಊರಿಗೂ ಕೇರಿಗೂ ಸಂತೋಷವಾಗಿದೆ, ನನಗೂ ಆಗಿದೆ. ಆ ಸಂತೋಷ ಯಾರ ಮನೆಯಲ್ಲಿ ಎಷ್ಟು ಚೀಲ ರಾಗಿಯಾಗುತ್ತದೆ ಎಂಬ ಲೆಕ್ಕವನ್ನೂ ಹಾಕಬೇಕು. ಬೆಂಗಳೂರಿನಲ್ಲಿ ಆ ನೀರನ್ನು ಬಳಸಿ ಬಿಟ್ಟವರಲ್ಲಿ ಕಟ್ಟಡಗಳಿಗೆ ಗಾರೆ ಕಲಸಿದ ನಮ್ಮಪ್ಪನಂಥವರೂ ಇದ್ದಾರೆ ಎಂದು ನೆನೆದಾಗ ಈ ಕೆರೆ ಇನ್ನಷ್ಟು ತೊಡಕಾಗಿ ಕಾಣುತ್ತದೆ.

ಹಾಗಾದರೆ ಸಂಶೋಧನೆ ಮಾಡಬೇಕಾದ್ದೇನು? ಕೆರೆಗಳನ್ನು ಉಳಿಸಬೇಕು ಎನ್ನುವವರಿಗೂ ಕೆರೆಗಳ ಹಿಂದಿನ ಹಿಂಸೆಯನ್ನು ಬಯಲು ಮಾಡುವವರಿಗೂ ನಾನು ಕೇಳಬಯಸುವುದು ಒಂದೇ: ಪ್ರತಿಯೊಂದು 'ಇಸು' ಬಂದಲ್ಲೂ ನಿಂತು, ಕ್ರಿಯೆಯನ್ನು ನಿಜವಾಗಿ ಮಾಡಿದವರು ಯಾರು, ಅವರಿಗೆ ಏನು ಗೊತ್ತಿತ್ತು, ಏನು ಸಿಕ್ಕಿತು, ಅವರು ಅದನ್ನು ಬಿಟ್ಟದ್ದು ಏಕೆ ಎಂದು ಕೇಳಬೇಕು. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎನ್ನುತ್ತಾರೆ. ಹೂಳೆತ್ತುವ ಪ್ರತಿ ಯೋಜನೆಯೂ ಎಷ್ಟು ಲೋಡ್ ಮಣ್ಣು ತೆಗೆಯಿತು ಎಂದು ಹೇಳುತ್ತದೆ. ಕೆರೆಯ ಸಂಘದಲ್ಲಿ ತೂಬಿನವರ ಮನೆಯವರು ಎಲ್ಲಿ ಕೂರುತ್ತಾರೆ ಎಂಬುದನ್ನೂ ಹೇಳುವಂತಾದರೆ ಆಗ ಸಮುದಾಯ ಎಂಬ ಪದವನ್ನು ಬಳಸಲು ನನಗೆ ಅಡ್ಡಿಯಿಲ್ಲ.

ಪ್ರಬಂಧವನ್ನು ಇನ್ನು ಕೆಲವು ತಿಂಗಳಲ್ಲಿ ಒಪ್ಪಿಸಬೇಕು. ಮೊದಲ ಅಧ್ಯಾಯವನ್ನು ಪೂರ್ತಿ ತಿರುಗಿ ಬರೆದೆ. ಕೋಷ್ಟಕದ ತಲೆಬರಹದಿಂದ 'ಕುಸಿತ' ಎಂಬುದನ್ನು ತೆಗೆದು 'ನೀರುಗಂಟಿ ಕೆಲಸ ಬಿಟ್ಟವರು' ಎಂದು ಮಾಡಿದೆ. ಪದ್ಧತಿ ನಿಂತ ವರ್ಷದ ಪಕ್ಕದಲ್ಲಿ ಎರಡು ಹೊಸ ಕಾಲಂ ಸೇರಿಸಿದೆ: ಬಿಟ್ಟವರು ಆಮೇಲೆ ಏನು ಕೆಲಸ ಹಿಡಿದರು, ಆಮೇಲೆ ಕೆರೆ ಏನಾಯಿತು. ಎರಡನ್ನೂ ತುಂಬಿಸಲು ಮತ್ತೊಮ್ಮೆ ಆ ಹಳ್ಳಿಗಳಿಗೆಲ್ಲ ಹೋಗಿ ಬರಬೇಕಾಯಿತು. ನಮ್ಮೂರಿನ ಸಾಲಿನಲ್ಲಿ ಮೊದಲ ಕಾಲಂನಲ್ಲಿ 'ಗಾರೆ ಕೆಲಸ, ಬೆಂಗಳೂರು' ಎಂದಿದೆ. ಎರಡನೆಯದರಲ್ಲಿ ಏನು ಬರೆಯಲಿ ಎಂದು ಅಪ್ಪನನ್ನೇ ಕೇಳಿದೆ. "ಕಾಲುವೆ ಮುಚ್ಚೋಯ್ತು ಅಂತ ಬರಿ, ಸುಳ್ಳು ಯಾಕೆ," ಅಂದರು. ಹಾಗೇ ಬರೆದಿದ್ದೇನೆ.